ಇನ್ನೊಂದು ತುದಿ ಹಿಡಿಯುವವರು

ನಮ್ಮ ಅತ್ತಿಗೆಯನ್ನು ಮೊದಲ ಸಲ ನೋಡಿದವರು ಯಾರೂ ಗಟ್ಟಿಗಿತ್ತಿ ಅನ್ನುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ "ಪರವಾಗಿಲ್ಲ, ಬಿಡಿ" ಎಂದು ತಾವೇ ಕಾಲು ಎಳೆದುಕೊಳ್ಳುವ ಪೈಕಿ. ನಾನಾಗಿದ್ದರೆ ತುಳಿದವರ ಏಳು ತಲೆಮಾರನ್ನೂ ವಿಚಾರಿಸಿಕೊಂಡೇ ಕೆಳಗಿಳಿಯುತ್ತಿದ್ದೆ. ಕಡ್ಡಿಯಂಥ ಕೈ, ಸದಾ ಆವಿ ಹಿಡಿದು ಮಂಜಾಗುವ ಕನ್ನಡಕ, ಪಕ್ಕದವರಿಗೂ ಕೇಳಿಸದಷ್ಟು ಮೆತ್ತಗಿನ ಮಾತು. ಇಂಥ ಹೆಂಗಸು ನಮ್ಮ ದೊಡ್ಡಣ್ಣನ ಎದುರು ನಿಂತು ಒಂದಿಂಚೂ ಜಗ್ಗಲಿಲ್ಲ ಅಂದರೆ ನಂಬುತ್ತೀರಾ? ನಂಬಲೇಬೇಕು, ನಾನು ಕಣ್ಣಾರೆ ಕಂಡವಳು. ನಾನು ಚರ್ಚಿಗೆ ಹೋಗುವವಳಲ್ಲ, ಈಗಲೂ ಹೋಗುವುದಿಲ್ಲ. ಆದರೂ ಯಾರ ಮುಂದೆ ಬೇಕಾದರೂ ಎದೆಯುಬ್ಬಿಸಿ ಹೇಳುತ್ತೇನೆ, ಅವರು ನನ್ನ ಅತ್ತಿಗೆ ಅಂತ.

ನಮ್ಮದು ಲಾಂಡ್ರಿ. ಆಸ್ಪತ್ರೆಯ, ಲಾಡ್ಜುಗಳ ಬೆಡ್‌ಶೀಟು, ದಿಂಬಿನ ಚೀಲ, ಟವೆಲು ಎಲ್ಲ ನಮ್ಮಲ್ಲಿಗೇ ಬರುತ್ತವೆ. ಕೆಳಗೆ ಬಾಯ್ಲರ್ ಮತ್ತು ಒಗೆಯುವ ಮಷೀನು, ತಾರಸಿಯಲ್ಲಿ ಒಣಹಾಕುವ ಹಗ್ಗಗಳು, ನಡುವಿನ ಮಹಡಿಯಲ್ಲಿ ಮಡಿಚುವ ಕೋಣೆ, ಅದಕ್ಕೆ ಅಂಟಿಕೊಂಡ ಹಾಗೆ ಇಸ್ತ್ರಿ ಕೋಣೆ. ಹಿಂಭಾಗದಲ್ಲೇ ಮನೆ. ಅಪ್ಪ ತೀರಿಕೊಂಡಾಗ ದೊಡ್ಡಣ್ಣನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವನೇ ಲಾಂಡ್ರಿ ಹೊತ್ತುಕೊಂಡ, ಚಿಕ್ಕಣ್ಣನನ್ನೂ ನನ್ನನ್ನೂ ಬೆಳೆಸಿದ, ನನ್ನನ್ನು ಎದುರು ಬೀದಿಗೇ ಮದುವೆ ಮಾಡಿಕೊಟ್ಟ; ಆಮೇಲೂ ನನ್ನ ಕೆಲಸ, ಮುಕ್ಕಾಲು ಪಾಲು ಊಟ ಲಾಂಡ್ರಿಯಲ್ಲೇ. ತಾನು ಮಾತ್ರ ಮದುವೆಯಾಗಲಿಲ್ಲ. ಅದಕ್ಕೇ ಏನೋ, "ಈ ಮನೇಲಿ ಒಂದೇ ಒಲೆ, ಒಂದೇ ಮಾತು" ಎಂದು ಅವನು ಗುಡುಗಿದರೆ ನಾವ್ಯಾರೂ ಪಿಟ್ಟೆನ್ನುತ್ತಿರಲಿಲ್ಲ. ಆ ಒಂದು ಮಾತು ಯಾವತ್ತೂ ಅವನದ್ದೇ ಆಗಿರುತ್ತಿತ್ತು ಅನ್ನುವುದು ಬೇರೆ ವಿಷಯ.

ಅವನ ಮಾತಲ್ಲದೆ ಲಾಂಡ್ರಿಯಲ್ಲಿ ಇನ್ನೆರಡು ಕಾನೂನು ಇದ್ದವು. ಒಂದು ಅಪ್ಪನದು: ಒಗೆದ ಬಟ್ಟೆ ನೆಲ ಮುಟ್ಟಕೂಡದು. ನೀವು ಬೇಕಾದರೆ ಬೀಳಿ, ಮಂಡಿ ಒಡೆದುಕೊಳ್ಳಿ, ಕೈಯಲ್ಲಿರುವ ಬಟ್ಟೆ ಬೀಳಬಾರದು. ಇನ್ನೊಂದು ಅಮ್ಮನದು. ಚಿಕ್ಕವರಿದ್ದಾಗ ನಾವು ಮೂವರಲ್ಲಿ ಯಾರಾದರೂ ಜಗಳವಾಡಿದರೆ ಅಮ್ಮ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಒಂದು ದೊಡ್ಡ ಶೀಟು ತಂದು ಇಬ್ಬರ ಕೈಗೂ ಒಂದೊಂದು ತುದಿ ಕೊಡುತ್ತಿದ್ದಳು. "ಅಂಚಿಗೆ ಅಂಚು ಸೇರೋವರೆಗೂ ಬಿಡೋ ಹಾಗಿಲ್ಲ." ಶೀಟು ಮಡಿಚುವುದೆಂದರೆ ಇಬ್ಬರೂ ಎಳೆದು, ಕೊಡವಿ, ಎದುರುಬದುರು ನಡೆದು ಬಂದು ಕೈಗೆ ಕೈ ತಾಗಿಸಬೇಕು. ಮೂತಿ ತಿರುಗಿಸಿಕೊಂಡು ಮಾಡಲು ನೋಡಿ, ಅಂಚು ಸೊಟ್ಟಗಾಗುತ್ತದೆ. ಮೂರನೇ ಸಲಕ್ಕೆ ನಗು ಬಂದೇ ಬರುತ್ತಿತ್ತು.

ಅತ್ತಿಗೆ ಚಿಕ್ಕಣ್ಣನ ಹೆಂಡತಿ. ಚಿಕ್ಕಣ್ಣ ಬಾಯ್ಲರ್ ನೋಡಿಕೊಳ್ಳುತ್ತಾನೆ. ಇಬ್ಬರಲ್ಲಿ ಹೆಚ್ಚು ಮಾತಾಡುವುದು ಬಾಯ್ಲರೇ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವರ ಮೊದಲ ಮಗು ಹುಟ್ಟಿದ ದಿನವೇ ಹೋಯಿತು. ಆಸ್ಪತ್ರೆಗೆ ಬಂದವರೆಲ್ಲ "ಇನ್ನೊಂದಾಗುತ್ತೆ ಬಿಡು" ಎಂದು ಹೇಳಿ ಹೇಳಿ ಹೋದರು. ವಾರ್ಡಿನ ನೆಲ ಒರೆಸುವ ಒಬ್ಬ ಹೆಂಗಸು ಮಾತ್ರ ಹಾಗೆ ಹೇಳಲಿಲ್ಲ. ಬಕೆಟ್ಟನ್ನು ಪಕ್ಕಕ್ಕಿಟ್ಟು, "ಏನು ಹೆಸರಿಡ್ಬೇಕು ಅಂದ್ಕೊಂಡಿದ್ರಿ?" ಎಂದು ಕೇಳಿದಳಂತೆ. ಆ ಹೆಸರು ಹಿಡಿದು, ಅತ್ತಿಗೆಯ ಕೈ ಹಿಡಿದು, ಯೇಸುಸ್ವಾಮಿಗೆ ಪ್ರಾರ್ಥನೆ ಮಾಡಿದಳಂತೆ. ಅದುವರೆಗೆ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಮನೆಗೆ ಬಂದ ಮೇಲೆ ಅತ್ತಿಗೆ ಆ ಹೆಂಗಸಿನ ಜೊತೆ ಟೈರ್ ಅಂಗಡಿಯ ಮೇಲಿನ ಒಂದು ಸಣ್ಣ ಚರ್ಚಿಗೆ ಹೋಗತೊಡಗಿದರು. ದುಃಖ ಮರೆಯಲಿ ಎಂದು ದೊಡ್ಡಣ್ಣನೂ ಸುಮ್ಮನಿದ್ದ. ಆದರೆ ವರ್ಷ ಕಳೆದ ಮೇಲೆ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತಿಗೆ ತಟ್ಟೆ ಮುಟ್ಟದೆ, "ಭಾವ, ಒಂದು ಮಾತು ಹೇಳ್ಬೇಕಿತ್ತು. ಇವತ್ತು ದೀಕ್ಷಾಸ್ನಾನ ಆಯ್ತು. ನಾನೀಗ ಯೇಸುಸ್ವಾಮಿಯವಳು" ಎಂದರು. ಚಿಕ್ಕಣ್ಣನಿಗೆ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ, ಅವನ ಮುಖ ತಟ್ಟೆಯಿಂದ ಮೇಲೇಳಲೇ ಇಲ್ಲ. ದೊಡ್ಡಣ್ಣ ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಅಡುಗೆಮನೆಯಲ್ಲಿ ನಾನು ಹಿಡಿದುಕೊಂಡೆ. "ನಿಮಗೇನು ಹುಚ್ಚಾ ಅತ್ತಿಗೆ? ಯಾರಾದ್ರೂ ಕೇಳಿದ್ರಾ ನಿಮ್ಮನ್ನ? ಬಾಯಿ ಮುಚ್ಕೊಂಡು ಇದ್ದಿದ್ರೆ ಎಲ್ಲಾ ತಣ್ಣಗೆ ನಡೀತಿತ್ತಲ್ಲ!"

"ಊಟಕ್ಕೆ ಮುಂಚೆ ಕಣ್ಣು ಮುಚ್ತೀನಲ್ಲ, ಎಲ್ಲರೂ ನೋಡ್ತಾರೆ" ಎಂದರು. "ನಿದ್ದೆ ಬಂತು ಅಂತ ಎಷ್ಟು ದಿನ ಹೇಳ್ಲಿ?"

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಸಿಟ್ಟು ಮಾಡಿಕೊಂಡರೂ ದೊಡ್ಡಣ್ಣ ಕೆಲವು ತಿಂಗಳು ಕಂಡೂ ಕಾಣದ ಹಾಗಿದ್ದ. ಬೆಂಕಿ ಹಚ್ಚಿದವನು ಲಾಡ್ಜಿನ ಮ್ಯಾನೇಜರು. ಭಾನುವಾರ ಬೆಳಗ್ಗೆ ಲಾಡ್ಜುಗಳು ಖಾಲಿಯಾಗುವ ಹೊತ್ತು, ರಾಶಿ ರಾಶಿ ಮೂಟೆ ಬರುತ್ತವೆ. ವ್ಯಾನಿನ ಜೊತೆ ಈ ಮಹಾರಾಯನೂ ಬರುತ್ತಾನೆ, ಬಾಯಲ್ಲೊಂದು ಹಲ್ಲುಕಡ್ಡಿ, ಕಿವಿ ತುಂಬ ಊರ ಸುದ್ದಿ. ಒಂದು ಭಾನುವಾರ ಮಡಿಚುವ ಹೆಂಗಸರೆಲ್ಲರ ಎದುರಿಗೇ ಅಂದ: "ಏನ್ರೀ ಯಜಮಾನ್ರೇ, ನಿಮ್ಮ ತಮ್ಮನ ಹೆಂಡ್ತಿ ಎಲ್ಲಿ? ಓಹೋ, ಚರ್ಚು! ಊರವರ ಶೀಟೆಲ್ಲ ಬಿಳಿ ಮಾಡ್ತೀರಿ, ಮನೆ ಹೆಂಗಸನ್ನ ಹದ್ದುಬಸ್ತಲ್ಲಿ ಇಡಕ್ಕಾಗಲ್ವಾ?"

ದೊಡ್ಡಣ್ಣನ ಕಿವಿ ಕೆಂಪಾದದ್ದು ನಾನು ನೋಡಿದೆ. ಮಧ್ಯಾಹ್ನ ಅತ್ತಿಗೆ ಬಂದ ಕೂಡಲೇ ಅವನು, "ಇನ್ಮೇಲೆ ಭಾನುವಾರ ಹೋಗೋ ಹಾಗಿಲ್ಲ" ಎಂದ.

"ಭಾವ, ನನ್ನ ಪಾಲಿಂದು ಮಧ್ಯಾಹ್ನ ಬಂದು ಅಷ್ಟೂ ಮುಗಿಸ್ತೀನಿ. ಶನಿವಾರ ಇನ್ನಷ್ಟು ಹೊತ್ತು ನಿಲ್ತೀನಿ. ಆ ಬೆಳಗ್ಗೆ ಮಾತ್ರ ಬಿಟ್ಕೊಡಿ."

"ಆಗಲ್ಲ ಅಂದೆ."

"ಹಾಗಾದ್ರೆ ತಪ್ಪು ತಿಳ್ಕೋಬೇಡಿ ಭಾವ. ನಾನು ಹೋಗ್ತೀನಿ."

ದೊಡ್ಡಣ್ಣ ಕೈ ಎತ್ತುವ ಮನುಷ್ಯನಲ್ಲ. ಅದಕ್ಕಿಂತ ಚೆನ್ನಾಗಿ ನೋಯಿಸುವುದು ಅವನಿಗೆ ಗೊತ್ತಿತ್ತು. ಮರುದಿನ ಕೆಲಸ ಶುರುವಾಗುವ ಮೊದಲು ಮಡಿಚುವ ಕೋಣೆಯಲ್ಲಿ ನಿಂತು ಹೇಳಿದ: "ಇವತ್ತಿಂದ ಇವಳ ಜೊತೆ ಯಾರೂ ತುದಿ ಹಿಡೀಬಾರದು. ಒಬ್ಬಳೇ ಬೇರೆ ದಾರಿ ಹಿಡಿದಿದ್ದಾಳಲ್ಲ, ಒಬ್ಬಳೇ ಮಡಿಚಲಿ."

ಡಬಲ್ ಬೆಡ್‌ಶೀಟನ್ನು ಒಬ್ಬರೇ ಮಡಿಚುವುದು ಅಂದರೇನು ಅಂತ ಗೊತ್ತಿಲ್ಲದವರು ಮನೆಯಲ್ಲಿ ಒಂದು ಸಲ ಮಾಡಿ ನೋಡಿ. ಒಂದಲ್ಲ, ಬೆಳಗಿನಿಂದ ಸಂಜೆವರೆಗೆ. ಅದೂ ನೆಲಕ್ಕೆ ತಾಗದ ಹಾಗೆ. ನಾನು ಕೇಳುವವಳೇ? ಸೀದಾ ಹೋಗಿ ಅತ್ತಿಗೆಯ ಶೀಟಿನ ಇನ್ನೊಂದು ತುದಿ ಹಿಡಿದೆ. ದೊಡ್ಡಣ್ಣ ಅವತ್ತೇ ನನ್ನನ್ನು ಇಸ್ತ್ರಿ ಕೋಣೆಗೆ ಹಾಕಿದ. ನಾನು ಜಗಳಕ್ಕೆ ಸೊಂಟ ಕಟ್ಟಿದರೆ ಅತ್ತಿಗೆಯೇ ತಡೆದರು. "ಹೋಗು ನೀನು. ಈ ಹೆಂಗಸರೆಲ್ಲ ನಿನ್ನ ನೋಡಿ ನನ್ನ ಜೊತೆ ಹಿಡಿದು ಕೆಲಸ ಕಳ್ಕೊಂಡ್ರೆ ಅವರ ಮನೆ ಗತಿ ಏನು?" ಎಂದರು. ತನ್ನ ಗತಿ ಏನು ಎಂದು ಮಾತ್ರ ಆ ಪುಣ್ಯಾತ್ಗಿತ್ತಿಗೆ ಹೊಳೆಯಲಿಲ್ಲ.

ಇಸ್ತ್ರಿ ಕೋಣೆಯ ಬಾಗಿಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಕೈ ಸಾಲದೆ ಗದ್ದದಡಿ ಒಂದು ಮೂಲೆ ಸಿಕ್ಕಿಸಿಕೊಂಡು, ಮೇಜಿನ ಮೇಲೆ ಅರ್ಧ ಹಾಸಿ, ಸುತ್ತ ಓಡಾಡಿ ಅಂಚು ಕೂಡಿಸುತ್ತಿದ್ದರು. ಜಾರಿದರೆ ಮಂಡಿಯೂರಿ ಮಡಿಲಲ್ಲಿ ಹಿಡಿಯುತ್ತಿದ್ದರು. ನೆಲಕ್ಕೆ ಮಾತ್ರ ಒಂದನ್ನೂ ಬಿಡಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಬಲಗೈಗೆ ಎಡಗೈ ಆಸರೆ ಕೊಟ್ಟು ತುತ್ತು ಎತ್ತುತ್ತಿದ್ದರು. ಆಗಲೂ ಮೊದಲು ಕಣ್ಣು ಮುಚ್ಚಿಯೇ ಉಣ್ಣುತ್ತಿದ್ದರು.

ಒಂದು ದಿನ ಬೆಳಗ್ಗೆ ಬಂದು ನೋಡಿದರೆ, ಮಡಿಚುವ ಕೋಣೆಯ ಮರದ ಕಂಬಗಳೆರಡರಲ್ಲೂ ಅತ್ತಿಗೆಯ ಭುಜದ ಎತ್ತರಕ್ಕೆ ಒಂದೊಂದು ಮೊಳೆ. ಶೀಟಿನ ಎರಡು ಮೂಲೆಗಳನ್ನು ಅವಕ್ಕೆ ಸಿಕ್ಕಿಸಿದರೆ ಇನ್ನೆರಡನ್ನು ಹಿಡಿದು ಒಬ್ಬರೇ ಎಳೆದು ಮಡಿಚಬಹುದು. ತುಕ್ಕಿನ ಕಲೆ ಹತ್ತಬಾರದು, ಅಂಚು ಹರಿಯಬಾರದು ಎಂದು ಮೊಳೆಯ ತಲೆಗೆ ಹಳೆ ಬಟ್ಟೆ ಸುತ್ತಿ ದಾರ ಬಿಗಿದಿತ್ತು. ಯಾರು ಹೊಡೆದದ್ದು ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಆದರೆ ಅವತ್ತು ಚಿಕ್ಕಣ್ಣನ ಹೆಬ್ಬೆರಳು ಬಾತು ನೀಲಿಗಟ್ಟಿತ್ತು. ಬಾಯ್ಲರ್ ಬಿಟ್ಟರೆ ಬೇರೆ ಕೆಲಸ ಬರುವುದಿಲ್ಲ ನನ್ನ ಅಣ್ಣನಿಗೆ!

ಅಲ್ಲಿಂದ ಹೆಂಗಸರ ಬಾಯಲ್ಲಿ ಅತ್ತಿಗೆ "ಮೊಳೆಯಮ್ಮ" ಆದರು. ಕೆಲವರು ಕುಚೇಷ್ಟೆಗೆ ಅಂದರು, ಕೆಲವರು ಮೆಚ್ಚಿ ಅಂದರು. ಅತ್ತಿಗೆ ಎರಡಕ್ಕೂ ಒಂದೇ ನಗು ನಕ್ಕರು.

ನನ್ನ ಮೈ ಉರಿಸುತ್ತಿದ್ದದ್ದು ಇನ್ನೊಂದು. ದಿನಾ ಬೆಳಗ್ಗೆ ದೊಡ್ಡಣ್ಣ ಕೋಣೆಗೆ ಬಂದಾಗ ಅತ್ತಿಗೆ ಮೊದಲ ಶೀಟನ್ನು ಎತ್ತಿ ಅದರ ಒಂದು ತುದಿಯನ್ನು ಅವನ ಕಡೆ ಚಾಚಿ, "ಭಾವ, ಹಿಡೀತೀರಾ?" ಎಂದು ಕೇಳುತ್ತಿದ್ದರು. ಚುಚ್ಚುವುದಕ್ಕಲ್ಲ, ಕೊಂಕಿಲ್ಲ, ಸುಮ್ಮನೆ. ಅವನು ಗೋಡೆ ನೋಡಿಕೊಂಡು ಹೊರಟು ಹೋಗುತ್ತಿದ್ದ. ಅವರು ಆ ತುದಿಯನ್ನು ಮೊಳೆಗೆ ಸಿಕ್ಕಿಸಿ ಕೆಲಸ ಶುರು ಮಾಡುತ್ತಿದ್ದರು.

"ನಿಮಗೆ ಮಾನ ಮರ್ಯಾದೆ ಏನಾದ್ರೂ ಇದ್ಯಾ ಅತ್ತಿಗೆ?" ಎಂದು ಒಂದು ದಿನ ರೇಗಿದೆ. "ದಿನಾ ಕೇಳಿ ದಿನಾ ಮುಖಕ್ಕೆ ಹೊಡೆಸ್ಕೊಳ್ಳೋದು! ನಿಮ್ಮ ಯೇಸುಸ್ವಾಮಿ ಹೀಗೆ ಮಾಡು ಅಂತ ಹೇಳಿದ್ದಾರಾ?"

"ಹೆಚ್ಚುಕಡಿಮೆ ಹಾಗೇ ಹೇಳಿದ್ದಾರೆ" ಎಂದು ನಕ್ಕರು. ಆಮೇಲೆ, "ಭಾವನಿಗೆ ಯಾವತ್ತಾದ್ರೂ ಹಿಡಿಯೋಣ ಅಂತ ಮನಸ್ಸು ಬಂತು ಅಂದ್ಕೋ. ಆ ದಿನ ಕೇಳೋರೇ ಇರಲಿಲ್ಲ ಅಂತ ಆಗಬಾರದಲ್ಲ?" ಎಂದರು.

ಅಷ್ಟರಲ್ಲಿ ಹಲ್ಲುಕಡ್ಡಿ ಮಹಾರಾಯ ಮೊಳೆಗಳನ್ನು ನೋಡಿದ. ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕ. "ಸೋತಿದ್ದು ಅವಳಲ್ಲ, ನೀವು ಯಜಮಾನ್ರೇ!" ಎಂದ. ಅಷ್ಟು ಸಾಕಾಯಿತು. ಆ ವಾರವೇ ದೊಡ್ಡಣ್ಣ ಕೊನೆಯ ಮಾತು ಹೇಳಿದ: ಶನಿವಾರ ಬೆಳಗ್ಗೆ ಎಲ್ಲರ ಎದುರಿಗೆ ಯೇಸುವನ್ನು ಬಿಟ್ಟೆ ಎಂದು ಅತ್ತಿಗೆ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಲಾಂಡ್ರಿಯೂ ಇಲ್ಲ, ಮನೆಯೂ ಇಲ್ಲ.

ಶನಿವಾರ ಬಂತು. ನಾನು ಹೋಗುವಷ್ಟರಲ್ಲಿ ಮಡಿಚುವ ಕೋಣೆಯ ಬಾಗಿಲಲ್ಲಿ ಅತ್ತಿಗೆಯ ಟ್ರಂಕು ಕೂತಿತ್ತು. ಕಂಬಗಳಲ್ಲಿ ಮೊಳೆಗಳಿರಲಿಲ್ಲ, ದೊಡ್ಡಣ್ಣ ಬೆಳಗ್ಗೆಯೇ ಕಿತ್ತಿದ್ದ. ಹೆಂಗಸರೆಲ್ಲ ಗೋಡೆಗಂಟಿ ನಿಂತಿದ್ದರು. ನಾನು ಇಸ್ತ್ರಿ ಪೆಟ್ಟಿಗೆ ಹಿಡಿದೇ ಇಸ್ತ್ರಿ ಕೋಣೆಯ ಬಾಗಿಲಿಗೆ ಬಂದು ನಿಂತೆ. ಮೂಲೆಯ ಕುರ್ಚಿಯಲ್ಲಿ ಅಮ್ಮ. ಕಣ್ಣು ಮಂಜಾದ ಮೇಲೆ ಅವಳು ಅಲ್ಲೇ ಕೂತು ಟವೆಲು ಮಡಿಚುತ್ತಾಳೆ, ಕೈಗೆ ಕಣ್ಣು ಬೇಕಿಲ್ಲ ಅವಳಿಗೆ.

"ಹೇಳು" ಎಂದ ದೊಡ್ಡಣ್ಣ.

ಅತ್ತಿಗೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. "ಹೇಳಕ್ಕಾಗಲ್ಲ ಭಾವ."

"ಒಂದು ಮಾತು ತಾನೇ, ಹೇಳಿಬಿಡು ತಾಯಿ" ಎಂದು ಅಮ್ಮ ಅಳುದನಿಯಲ್ಲಿ ಅಂದಳು. ದೊಡ್ಡಣ್ಣನೂ ಸ್ವಲ್ಪ ಸಡಿಲಾದ. "ಬಾಯಲ್ಲಿ ಹೇಳು ಸಾಕು. ಒಳಗೆ ಏನು ಬೇಕಾದ್ರೂ ಇಟ್ಕೋ. ನಾನೇನು ಎದೆ ಬಗೆದು ನೋಡ್ತೀನಾ?"

"ಭಾವ, ನಾಳೆ ಯಾರೋ ನಿಮ್ಮ ತಮ್ಮನ್ನ ತೋರಿಸಿ ಇವರು ಯಾರು ಅಂತ ಕೇಳ್ತಾರೆ. ನಾನು ಗೊತ್ತೇ ಇಲ್ಲ ಅಂತೀನಿ. ಒಳಗೊಳಗೇ ಗಂಡ ಅಂದ್ಕೋತೀನಿ. ನೀವು ಒಪ್ತೀರಾ?" ಆ ಮೆತ್ತಗಿನ ದನಿ ಅವತ್ತು ಇಸ್ತ್ರಿ ಕೋಣೆಯವರೆಗೂ ಕೇಳಿಸಿತು. "ನನ್ನ ಮಗು ಹೋದಾಗ ನನ್ನ ಕೈ ಬಿಡದೇ ಇದ್ದೋರು ಅವರು. ಅವರನ್ನ ಗೊತ್ತಿಲ್ಲ ಅಂತ ಹೇಗೆ ಹೇಳ್ಲಿ? ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇದೊಂದು ಮಾತ್ರ ನನ್ನ ಕೈಲಾಗಲ್ಲ."

ಅಬ್ಬಾ! ಚಪ್ಪಾಳೆ ತಟ್ಟಬೇಕು ಅನ್ನಿಸಿತು, ಇಸ್ತ್ರಿ ಪೆಟ್ಟಿಗೆ ಕೈಯಲ್ಲಿತ್ತು.

"ಹಾಗಾದ್ರೆ ಹೊರಡು" ಎಂದ ದೊಡ್ಡಣ್ಣ.

"ಹೊರಡ್ತೀನಿ. ಈ ರಾಶಿ ಒಂದು ಮಡಿಚಿಟ್ಟು ಹೋಗ್ತೀನಿ. ಸಾಯಂಕಾಲ ಆಸ್ಪತ್ರೆ ವ್ಯಾನ್ ಬರುತ್ತೆ, ಇಲ್ಲಾಂದ್ರೆ ಪಾಪ, ಅಲ್ಲಿ ಹಾಸಿಗೆಗೆ ಹಾಸೋಕೆ ಶೀಟೇ ಇರಲ್ಲ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಚಿಕ್ಕಣ್ಣ ಬಂದ. ಕೈಯಲ್ಲೊಂದು ಚೀಲ. ಅದನ್ನು ಟ್ರಂಕಿನ ಪಕ್ಕದಲ್ಲಿಟ್ಟು, "ನಾನೂ ಹೊರಟೆ ಅಣ್ಣ. ಬಾಯ್ಲರ್ ಆರಿಸಿದ್ದೀನಿ" ಎಂದ. ಹುಟ್ಟಿದಾಗಿನಿಂದ ದೊಡ್ಡಣ್ಣನ ಎದುರು ಅವನು ಆಡಿದ ಅತಿ ಉದ್ದದ ಮಾತು ಅದು.

ಅತ್ತಿಗೆ ಒಂದು ಡಬಲ್ ಶೀಟು ಎತ್ತಿಕೊಂಡು ಅಭ್ಯಾಸಬಲದಿಂದ ಕಂಬದ ಹತ್ತಿರ ಹೋದರು. ಅಲ್ಲಿ ಬರೀ ತೂತು. ಅದನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ ಮೇಜಿನ ಕಡೆ ತಿರುಗಿದರು. ಶೀಟಿನ ಎರಡು ಮೂಲೆ ಹಿಡಿದು, ಮೇಜಿನುದ್ದಕ್ಕೂ ಹರಡಲೆಂದು ಫಟ್ ಎಂದು ಕೊಡವಿದರು. ಶೀಟು ಗಾಳಿ ತುಂಬಿಕೊಂಡು ಎದ್ದಿತು. ಮೇಜಿನ ಆಚೆ ಬದಿಯಲ್ಲಿ ದೊಡ್ಡಣ್ಣ ನಿಂತಿದ್ದ. ಆ ತುದಿ ಹಾರಿ ಅವನ ಎದೆಯ ಮಟ್ಟಕ್ಕೆ ಬಂತು.

ಅವನ ಕೈಗಳು ಅದನ್ನು ಹಿಡಿದವು.

ಅವನು ಹಿಡಿದ ಎಂದು ನಾನು ಹೇಳುವುದಿಲ್ಲ. ಅವನ ಕೈಗಳು ಹಿಡಿದವು. ನಮ್ಮವರೆಲ್ಲರ ಕೈಯೂ ಹಾಗೇ. ನಡೆಯಲು ಕಲಿಯುವ ಮೊದಲೇ ಶೀಟು ಹಿಡಿಯಲು ಕಲಿತವರು ನಾವು, ಎದುರಿನವರು ಕೊಡವಿದ ಸದ್ದು ಕೇಳಿದರೆ ಸಾಕು, ತಲೆಗೆ ತಿಳಿಯುವಷ್ಟರಲ್ಲಿ ಮೂಲೆಗಳು ಬೆರಳ ನಡುವೆ ಇರುತ್ತವೆ. ದೊಡ್ಡಣ್ಣ ತನ್ನ ಕೈ ನೋಡಿಕೊಂಡ, ಯಾರದೋ ಕೈ ನೋಡುವ ಹಾಗೆ. ತಾನೇ ಹಾಕಿದ ಆಜ್ಞೆಯನ್ನು ಎಲ್ಲರ ಕಣ್ಣೆದುರು ತಾನೇ ಮುರಿದಿದ್ದ. ಬಿಟ್ಟುಬಿಡಬಹುದಿತ್ತು. ಆದರೆ ಬಿಟ್ಟರೆ ಆ ತುದಿ ಮೇಜಿನಿಂದ ಜಾರಿ ನೆಲಕ್ಕೆ ಬೀಳುತ್ತಿತ್ತು. ಒಗೆದ ಶೀಟು. ಅಪ್ಪನ ಲಾಂಡ್ರಿಯಲ್ಲಿ.

ಶೀಟು ಬಿಗಿದ ಸದ್ದಿನಲ್ಲೇ ಯಾರೋ ಇನ್ನೊಂದು ತುದಿ ಹಿಡಿದರೆಂದು ಅಮ್ಮನಿಗೆ ಗೊತ್ತಾಗಿತ್ತು. "ಯಾರು ಹಿಡಿದಿದ್ದು?" ಎಂದು ಕುರ್ಚಿಯಲ್ಲಿ ನೆಟ್ಟಗಾದಳು.

"ದೊಡ್ಡಣ್ಣ, ಅಮ್ಮಾ!" ಎಂದು ನಾನು ಕೂಗಿದೆ. ಕೂಗದೆ ಇರಲು ನಾನೇನು ಕಲ್ಲೇ?

"ಹಾಗಾದ್ರೆ ಅಂಚು ಸೇರಿಸು ಮಗನೇ" ಎಂದಳು ಅಮ್ಮ, ಆ ಹಳೇ ದನಿಯಲ್ಲಿ. "ಅಂಚಿಗೆ ಅಂಚು ಸೇರೋವರೆಗೂ ಬಿಡೋ ಹಾಗಿಲ್ಲ."

ಇಬ್ಬರೂ ಶೀಟು ಹಿಡಿದೇ ಮೇಜಿನ ಪಕ್ಕಕ್ಕೆ ಸರಿದರು. ದೊಡ್ಡಣ್ಣ ಎಳೆದ, ಅತ್ತಿಗೆ ಎಳೆದರು. ಅರ್ಧ ಮಡಿಚಿ ಎದುರುಬದುರು ನಡೆದು ಬಂದರು. ಅವನು ಗೋಡೆ ನೋಡುತ್ತಿದ್ದ, ಅಂಚು ನಾಲ್ಕು ಬೆರಳು ಸೊಟ್ಟಗಾಯಿತು. "ಸೇರಿಲ್ಲ ಭಾವ" ಎಂದರು ಅತ್ತಿಗೆ. ಮತ್ತೆ ಹಿಂದಕ್ಕೆ ಹೋದರು, ಮತ್ತೆ ಬಂದರು. ಈ ಸಲ ಅವನು ಅವರ ಮುಖ ನೋಡಿದ. ಎಷ್ಟೋ ತಿಂಗಳ ಮೇಲೆ ಮೊದಲ ಸಲ. ಕೇಳಿದ: "ಕಣ್ಣು ಮುಚ್ಚಿ ಅದೇನೋ ಬೇಡ್ಕೋತೀಯಲ್ಲ. ನನಗೆ ಶಾಪ ಹಾಕ್ತೀಯಾ?"

"ಅಯ್ಯೋ ಭಾವ! ನಿಮ್ಮ ಹೆಸರೇ ಮೊದಲು ಬರೋದು. ನಮ್ಮವರದ್ದು ಆಮೇಲೆ."

"ನನ್ನದ್ಯಾಕೆ ಮೊದಲು?"

"ಅಪ್ಪ ಇಲ್ಲದ ಮನೆಗೆ ಅಪ್ಪ ಆದೋರು ನೀವು. ನಿಮಗಾಗಿ ಬೇಡ್ಕೊಳ್ಳೋಕೆ ಮನೇಲಿ ಬೇರೆ ಯಾರಿದ್ದಾರೆ?"

ಅಂಚಿಗೆ ಅಂಚು ಸೇರಿತ್ತು. ದೊಡ್ಡಣ್ಣ ಮಡಿಚಿದ ಶೀಟನ್ನು ಅವರ ಕೈಗೆ ಕೊಟ್ಟ. ಆಮೇಲೆ, "ನಿನ್ನ ದೇವರು ನನಗೆ ಬೇಡ. ಅದನ್ನ ಹೇಳಬೇಡ ನನಗೆ" ಎಂದ. "ಮುಂದಿನ ಶೀಟು ಕೊಡು."

ಆ ರಾಶಿ ಪೂರ್ತಿ ಅವರಿಬ್ಬರೇ ಮಡಿಚಿದರು. ಮುಗಿದಾಗ ದೊಡ್ಡಣ್ಣ ಬೆವರೊರೆಸಿಕೊಂಡು ಬಾಗಿಲ ಕಡೆ ನೋಡಿ ಚಿಕ್ಕಣ್ಣನ ಮೇಲೆ ರೇಗಿದ: "ಆ ಟ್ರಂಕು ದಾರೀಲಿ ಯಾಕಿಟ್ಟಿದ್ದೀಯ? ಯಾರಾದ್ರೂ ಎಡವಿ ಬೀಳ್ತಾರೆ. ಒಳಗಿಡು. ಬಾಯ್ಲರ್ ಹಚ್ಚು ಹೋಗು." ಚಿಕ್ಕಣ್ಣ ಟ್ರಂಕನ್ನು ಹೊತ್ತು ಓಡಿದ ಓಟ ನೋಡಬೇಕಿತ್ತು ನೀವು.

ಬೇಕೆಂದೇ ಅವನ ಕಡೆ ಕೊಡವಿದಿರಾ ಎಂದು ಆಮೇಲೆ ನಾನು ಅತ್ತಿಗೆಯನ್ನು ಎಷ್ಟೋ ಸಲ ಕೇಳಿದ್ದೇನೆ. "ಛೇ, ಇಲ್ಲಪ್ಪ, ಅವರು ಅಲ್ಲೇ ನಿಂತಿದ್ರು, ಅಷ್ಟೇ" ಅನ್ನುತ್ತಾರೆ. ಸುಳ್ಳು ಹೇಳುವವರಲ್ಲ, ನಂಬಿದ್ದೇನೆ.

ಮರುದಿನ ಭಾನುವಾರ. ಬೆಳಗ್ಗೆ ಅತ್ತಿಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬೈಬಲ್ಲನ್ನು ಸೆರಗಿನಡಿ ಬಚ್ಚಿಡದೆ ಕೈಯಲ್ಲೇ ಹಿಡಿದುಕೊಂಡು, ಮುಂಬಾಗಿಲಿನಿಂದಲೇ ಹೋದರು. ಮೂಟೆಗಳು ಬಂದವು. ಮಡಿಚುವ ಮೇಜಿನ ಹತ್ತಿರ ಅತ್ತಿಗೆಯ ಜಾಗ ಖಾಲಿಯಿತ್ತು. ದೊಡ್ಡಣ್ಣ ಅಂಗಿಯ ತೋಳು ಮಡಿಸಿಕೊಂಡು ಬಂದು ಆ ಜಾಗದಲ್ಲಿ ತಾನೇ ನಿಂತ. ಇನ್ನೊಂದು ತುದಿ ನನ್ನ ಕೈಗೆ ಕೊಟ್ಟ. ನಾವಿಬ್ಬರೂ ಶೀಟು ಎಳೆಯುತ್ತಿರುವಾಗಲೇ ಲಾಡ್ಜಿನ ಮ್ಯಾನೇಜರು ಒಳಗೆ ಬಂದ. ಹಲ್ಲುಕಡ್ಡಿಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿ, ಖಾಲಿ ಕಂಬ ನೋಡಿ, ಕಣ್ಣು ಮಿಟುಕಿಸಿದ.

"ಏನ್ರೀ ಯಜಮಾನ್ರೇ, ಮೊಳೆನೂ ಇಲ್ಲ, ಮೊಳೆಯಮ್ಮನೂ ಇಲ್ಲ! ಎಲ್ಲಿ ನಿಮ್ಮ ತಮ್ಮನ ಹೆಂಡ್ತಿ?"

ದೊಡ್ಡಣ್ಣ ಶೀಟಿನ ತುದಿ ಬಿಡಲಿಲ್ಲ. ತಲೆ ಎತ್ತಿ ಅವನ ಮುಖವನ್ನೇ ನೋಡಿದ.

"ಚರ್ಚಿಗೆ ಹೋಗಿದ್ದಾಳೆ. ಮಧ್ಯಾಹ್ನ ಬರ್ತಾಳೆ. ಏನೀಗ?"